ಶಿವಲಿಂಗಮ್ಮನ ಕೈಗೆ ಕಟ್ಟಿದ ವಾಚು

ನನಗೆ ಸಿಟ್ಟು ಬಂದರೆ ಬೇಗ ಇಳಿಯುವುದಿಲ್ಲ, ಅದು ನಮ್ಮ ಫ್ಲ್ಯಾಟಿನವರಿಗೆಲ್ಲ ಗೊತ್ತಿರುವ ವಿಷಯ. ಆದರೆ ಶಿವಲಿಂಗಮ್ಮನ ವಿಚಾರದಲ್ಲಿ ನನಗಾದದ್ದು ಬರೀ ಸಿಟ್ಟಲ್ಲ. ದಂಗು ಬಡಿದುಹೋದೆ.

ಮದ್ರಾಸಿನ ಪಲ್ಲಾವರಂನಲ್ಲಿ ನಮ್ಮ ಮನೆಯ ಮೇಲಿನ ಮಹಡಿಯೇ ಅವರದು. ಮಗ ಅಂದಾನಿ, ಸೊಸೆ ವಿಮಲಾ, ಮೊಮ್ಮಗಳು ಮೌನ, ಇವರ ಜೊತೆ ಶಿವಲಿಂಗಮ್ಮ. ನಂಜನಗೂಡಿನ ಕಡೆಯ ಹೆಂಗಸು. ಮದುವೆಯಾಗಿ ಮದ್ರಾಸಿಗೆ ಬಂದಾಗ ಒಂದಕ್ಷರ ತಮಿಳು ಬರುತ್ತಿರಲಿಲ್ಲವಂತೆ. ಗಂಡ ರಾಯಪುರಂನಲ್ಲಿ ರೈಲ್ವೆ ಖಲಾಸಿ. ಒಂದು ಬೆಳಿಗ್ಗೆ ಡ್ಯೂಟಿಗೆಂದು ಹೋದವನು ದಾರಿಯಲ್ಲೇ ಎದೆ ಹಿಡಿದುಕೊಂಡು ಬಿದ್ದ. ಪರಿಚಯವೇ ಇಲ್ಲದ ಮೀನುಗಾರರು ಹೆಣವನ್ನು ತಮ್ಮ ಗಾಡಿಯಲ್ಲಿ ಹಾಕಿಕೊಂಡು ಬಂದು ಕ್ವಾರ್ಟರ್ಸ್ ಮುಂದೆ ಇಳಿಸಿದರು. ಅನುಕಂಪದ ಮೇಲೆ ರೈಲ್ವೆಯವರು ಇವಳಿಗೊಂದು ಕೆಲಸ ಕೊಟ್ಟರು. ಸ್ಟೇಷನ್ನಿನ ಹೆಂಗಸರ ವೇಟಿಂಗ್ ರೂಮು ನೋಡಿಕೊಳ್ಳುವ ಕೆಲಸ. ಅಲ್ಲಿ ಬಂದು ಹೋಗುವವರ ಜೊತೆ ಬೈದಾಡಿ, ನಕ್ಕು, ಜಗಳ ಬಿಡಿಸಿ ತಮಿಳು ಕಲಿತಳು. ಅದೇ ಸಂಬಳದಲ್ಲಿ ಮಗನನ್ನು ಓದಿಸಿ ಬ್ಯಾಂಕ್ ಆಫೀಸರ್ ಮಾಡಿದಳು.

ರಿಟೈರಾದ ಮೇಲಾದರೂ ಕಾಲು ಚಾಚಿ ಕೂತಳೇ ಎಂದರೆ ಅದೂ ಇಲ್ಲ. ಮುಂಜಾನೆ ಬಸ್ಸು ಹತ್ತಿ ಕೋಯಂಬೇಡಿನ ಹೂವಿನ ಮಾರ್ಕೆಟ್ಟಿಗೆ ಹೋಗಿ ಮಲ್ಲಿಗೆ, ಕನಕಾಂಬರ, ಮರುಗ ತರುವುದು, ಮಧ್ಯಾಹ್ನದೊಳಗೆ ಕಟ್ಟಿ ಸುತ್ತಲಿನ ಮನೆಗಳಿಗೆ ಹಂಚುವುದು. ಕಾಸಿಗಾಗಿ ಅಲ್ಲ, ಪೆನ್ಷನ್ ಬರುತ್ತಿತ್ತು. ಮಾರ್ಕೆಟ್ಟಿನ ಗಲಾಟೆ ಇಲ್ಲದಿದ್ದರೆ ಆಕೆಗೆ ಉಸಿರೇ ಆಡುತ್ತಿರಲಿಲ್ಲ. ಹೂವಿನ ಮೂಟೆಗಳ ನಡುವೆ ನಿಂತು ಚೌಕಾಸಿ ಮಾಡುವಾಗ ಆಕೆಯ ಮುಖ ನೋಡಬೇಕಿತ್ತು, ಸಾಕ್ಷಾತ್ ಮದುವಣಗಿತ್ತಿ.

ಈ ವರ್ಷ ಸಂಕ್ರಾಂತಿ ಕಳೆದ ವಾರ ಕೋಯಂಬೇಡಿನಿಂದ ಬರುವ ಬಸ್ಸಿನಲ್ಲೇ ಎದೆನೋವು ಬಂತು. ಕಂಡಕ್ಟರ್ ಒಳ್ಳೆಯವನು, ಬಸ್ಸನ್ನೇ ಆಸ್ಪತ್ರೆಯ ಮುಂದೆ ನಿಲ್ಲಿಸಿದ. ಸ್ಟೆಂಟ್ ಹಾಕಿದರು. ಚೇತರಿಸಿಕೊಂಡ ಮೇಲೆ ಡಾಕ್ಟರು ಹೇಳಿದ್ದು ಬಹಳ ಸರಳ. ದಿನಾ ನಡೆಯಬೇಕು. ನಡೆಯುವಾಗ ಎದೆಬಡಿತ ನೂರಿಪ್ಪತ್ತು ದಾಟಬಾರದು. ಅದನ್ನು ನೋಡಿಕೊಳ್ಳಲು ಒಂದು ಯಂತ್ರ ತೆಗೆದುಕೊಳ್ಳಿ. ಹೀಗೇ ಕೆಲವು ವಾರ ಸರಿಯಾಗಿ ನಡೆದರೆ ಹೂವಿನ ಕೆಲಸಕ್ಕೆ ಧಾರಾಳವಾಗಿ ಹೋಗಬಹುದು. ಅಲ್ಲಿಗೆ ಶಿವಲಿಂಗಮ್ಮ ಮತ್ತೆ ಕೋಯಂಬೇಡಿನ ಬಸ್ಸು ಹತ್ತುವುದೋ ಬಿಡುವುದೋ ಎಂಬುದು ಆ ಯಂತ್ರದ ಮೇಲೆ ನಿಂತಿತು.

ಅಂದಾನಿಯ ಆಯ್ಕೆಯೋ, ದೇವರಿಗೇ ಪ್ರೀತಿ. ಹೆಣ್ಣು ನೋಡುವಾಗಲೂ ಆ ಪಾಟಿ ಯೋಚನೆ ಮಾಡಿರಲಿಲ್ಲವೆಂದು ವಿಮಲಾ ನಗುತ್ತಿದ್ದಳು. ಫೋನಿನಲ್ಲಿ ವಿಡಿಯೋ ನೋಡಿದ್ದೇ ನೋಡಿದ್ದು, ಆಫೀಸಿನಲ್ಲಿ ಕಂಡಕಂಡವರನ್ನು ಕೇಳಿದ್ದೇ ಕೇಳಿದ್ದು. ಕೊನೆಗೆ ಕೈಗೆ ಕಟ್ಟುವ ಕಪ್ಪು ಚೌಕದ ವಾಚೊಂದನ್ನು ತಂದ. ಅಂಕಿ ದೊಡ್ಡದಾಗಿ ಕಾಣುತ್ತಿತ್ತು, ಅಮ್ಮನಿಗೆ ಕನ್ನಡಕ ಬೇಕಾಗುವುದಿಲ್ಲ ಎಂದ. ಹಿಂಬದಿಯಲ್ಲಿ ಹಸಿರು ಬೆಳಕು ಮಿಣುಕುತ್ತಿತ್ತು. ಆ ಬೆಳಕು ಚರ್ಮದ ಒಳಗೆ ಹೋಗಿ ರಕ್ತದ ಓಟ ನೋಡಿ ಲೆಕ್ಕ ಹೇಳುತ್ತದಂತೆ. ಮೌನ ಅಜ್ಜಿಯ ಕೈಗೆ ಕಟ್ಟಿದಳು, ನಾವೆಲ್ಲ ಕೆಳಗೆ ಕಾಂಪೌಂಡಿಗೆ ಇಳಿದೆವು.

ಒಂದು ಸುತ್ತು ಮುಗಿದಿರಲಿಲ್ಲ, ವಾಚು ನೂರ ಅರವತ್ತು ತೋರಿಸಿತು. ಮೌನ ಕೂಗಿಕೊಂಡಳು. ಅಷ್ಟರಲ್ಲಿ ನೂರೆಂಬತ್ತರ ಹತ್ತಿರ ಹೋಯಿತು. ಆಮೇಲೆ ಅಂಕಿಯೇ ಮಾಯವಾಗಿ ಬರೀ ಗೆರೆ. ಬಡಿತವೇ ಇಲ್ಲ! ಎದುರಿಗೆ ನಿಂತಿರುವ ಹೆಂಗಸು ಬದುಕಿದ್ದಾಳೆ, ಕೈಯಲ್ಲಿರುವ ಯಂತ್ರ ಇಲ್ಲ ಅನ್ನುತ್ತಿದೆ. ಎತ್ತಿಕೊಂಡ ಹಾಗೇ ಆಟೋದಲ್ಲಿ ಕೂರಿಸಿ ಆಸ್ಪತ್ರೆಗೆ ಓಡಿದೆವು. ಅಲ್ಲಿ ಇಸಿಜಿ ತೆಗೆದು ಏನೂ ಇಲ್ಲ ಎಂದರು. ಬೇಕಿದ್ದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡೋಣ ಎಂದೂ ಹೇಳಿದರು. ಅಂದಾನಿ ಆಮೇಲೆ ಬರುತ್ತೇವೆ ಎಂದ.

ಮರುದಿನ ಮತ್ತೆ ಅದೇ ಕಥೆ. ವಾಚೇ ಕೆಟ್ಟಿರಬೇಕೆಂದು ನಾನು ರೇಗಾಡಿದೆ. ಅಂದಾನಿ ಅಂಗಡಿಗೆ ಹೋಗಿ ಅದನ್ನು ಕೊಟ್ಟು, ಇನ್ನೂ ದುಬಾರಿಯದನ್ನು ತಂದ. ಅದೂ ಹಾಗೇ ಹೇಳಿತು. ಎರಡು ಯಂತ್ರ ಒಂದೇ ಮಾತು ಹೇಳಿದ ಮೇಲೆ ಯಾರಾದರೂ ನಂಬಲೇಬೇಕಲ್ಲ. ಲೈಫ್ ಇನ್ಶೂರೆನ್ಸ್ ಆಫೀಸಿನಲ್ಲಿ ಇಷ್ಟು ವರ್ಷ ಕಾಗದ ತಿರುವಿದ ನಾನೂ ನಂಬಿದೆ. ಮಲಗಿದ್ದಾಗ ತೆಗೆದ ಇಸಿಜಿಗೆ ನಡೆದರೆ ಏನಾಗುತ್ತದೆಂದು ಹೇಗೆ ಗೊತ್ತಾಗಬೇಕು ಎಂದು ಅಂದಾನಿ ಹೇಳಿದ್ದೂ ಸರಿಯೇ ಅನ್ನಿಸಿತು. ಆಕೆ ಮೆಟ್ಟಿಲಿಳಿಯುವುದು ನಿಂತಿತು. ಎದ್ದರೆ ಸಾಕು, ಮೌನ ಓಡಿಬಂದು ‘ಅಜ್ಜಿ, ನಡಕ್ಕಾದೀಂಗ’, ನಡೆಯಬೇಡಿ, ಎಂದು ತಮಿಳಿನಲ್ಲಿ ಗದರಿಸಿ ಕೂರಿಸುತ್ತಿದ್ದಳು.

ಅಯ್ಯೋ, ಆ ದಿನಗಳನ್ನು ಹೇಗೆ ಹೇಳಲಿ. ಗಟ್ಟಿಮುಟ್ಟಾದ ಹೆಂಗಸು ನೋಡನೋಡುತ್ತ ಮಂಚಕ್ಕೆ ಅಂಟಿಕೊಂಡಳು. ಊಟ ಅರ್ಧಕ್ಕೆ ಬಿಡುವಳು. ಊರಿನಲ್ಲಿರುವ ತಂಗಿಗೆ ಫೋನು ಮಾಡಿ, ಮಾತಾಡಿದ್ದರಲ್ಲಿ ಏನಾದರೂ ತಪ್ಪಿದ್ದರೆ ಮನಸ್ಸಿನಲ್ಲಿ ಇಟ್ಟುಕೋಬೇಡ ಎಂದಳು. ಒಂದು ಮಧ್ಯಾಹ್ನ ಕಿವಿಯ ಓಲೆ ಬಿಚ್ಚಿ ಮೌನಳ ಕೈಗಿಟ್ಟಳು. ಅಂದಾನಿ ಅಲ್ಲೇ ಊಟಕ್ಕೆ ಕೂತಿದ್ದ. ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದ. ಪಾಪ, ಅಳು ನುಂಗುತ್ತಿದ್ದಾನೆ ಅಂದುಕೊಂಡೆ ನಾನು, ಪೆದ್ದಿ.

ಅವತ್ತೇ ನನ್ನನ್ನು ಹತ್ತಿರ ಕೂರಿಸಿಕೊಂಡು, ‘ವಾಸಂತವ್ವ, ಆ ಹಸ್ರು ರೇಸ್ಮೆ ಸೀರೆ ಬೀರುನಾಗದೆ. ನಂಗೆ ಅದ್ನೇ ಉಡ್ಸಿ. ವಿಮಲಾಗೆ ಹೇಳಕ್ಕೆ ಬಾಯ್ ಬರಾಕಿಲ್ಲ ಕನವ್ವ’ ಎಂದಳು.

ನನಗೆ ತಡೆಯಲಾಗಲಿಲ್ಲ. ಕೆಳಗೆ ಬಂದು ಚೆನ್ನಾಗಿ ಅತ್ತೆ. ಅಳು ಮುಗಿದ ಮೇಲೆ ಸಿಟ್ಟು ಬಂತು. ಅಷ್ಟು ದುಡ್ಡಿಗೆ ಎಂಥ ದರಿದ್ರ ವಾಚು ಮಾರುತ್ತಾರೋ, ಹೋಗಿ ಆ ಅಂಗಡಿಯವರ ಜನ್ಮ ಜಾಲಾಡಬೇಕು ಅನ್ನಿಸಿತು. ಶನಿವಾರ ಅಂದಾನಿ ಬ್ಯಾಂಕಿಗೆ ಹೋದ ಮೇಲೆ ವಾಚನ್ನು ಡಬ್ಬಿಯ ಸಮೇತ ಬ್ಯಾಗಿಗೆ ಹಾಕಿಕೊಂಡು, ಶಿವಲಿಂಗಮ್ಮನನ್ನು ಆಟೋ ಹತ್ತಿಸಿದೆ. ಬೇಡ ಬೇಡ ಅನ್ನುತ್ತಲೇ ಬಂದಳು. ಡಬ್ಬಿಯ ಮೇಲೆ ಅಂಗಡಿಯ ವಿಳಾಸವಿತ್ತು. ಓಟಗಾರರಿಗೆ ಬೇಕಾದ ಬೂಟು, ಬಟ್ಟೆ, ವಾಚು ಮಾರುವ ಅಂಗಡಿ, ದೊಡ್ಡ ರಸ್ತೆಯಲ್ಲೇ ಇತ್ತು.

ಒಡತಿ ಚಿನ್ಮಯಿ ಎಂಬ ಹುಡುಗಿ. ತೋಳಿಲ್ಲದ ಬನಿಯನ್ನು, ಹೆಗಲಿನಿಂದ ಮಣಿಕಟ್ಟಿನವರೆಗೆ ಎರಡೂ ಕೈ ತುಂಬ ಟ್ಯಾಟೂ. ಇಂಥವಳು ನಮಗೆ ಬುದ್ಧಿ ಹೇಳುತ್ತಾಳಾ ಎಂದುಕೊಂಡು ಬಾಯಿಗೆ ಬಂದ ಹಾಗೆ ಶುರುಮಾಡಿದೆ. ಅವಳು ಸುಮ್ಮನೆ ಕೇಳಿಸಿಕೊಂಡು, ವಾಚನ್ನು ಮೊದಲು ನನ್ನ ಕೈಗೆ ಕಟ್ಟಿದಳು. ಎಂಬತ್ತೆಂಟು ಎಂದಿತು. ಇಷ್ಟು ಕೂಗಾಡಿದವರಿಗೆ ಇದು ಕಡಿಮೆಯೇ ಎಂದು ನಕ್ಕಳು. ಆಮೇಲೆ ಶಿವಲಿಂಗಮ್ಮನ ಕೈ ಹಿಡಿದವಳು ಬಿಡಲೇ ಇಲ್ಲ.

ಶಿವಲಿಂಗಮ್ಮನ ಎರಡೂ ಮುಂಗೈಗೆ ಮೊಣಕೈವರೆಗೆ ಹಚ್ಚೆ. ನಮ್ಮ ಕಡೆಯ ಹಳೆಯ ಹೆಂಗಸರಿಗೆ ಇರುವಂಥದೇ. ತೊಟ್ಟಿಲು, ಚೇಳು, ಸಾಲು ಚುಕ್ಕಿ. ಕೊರವಂಜಿ ಬಂದು ಸೂಜಿಯಲ್ಲಿ ಚುಚ್ಚಿದ್ದು, ಬಣ್ಣ ಹಸಿರುಗಪ್ಪಾಗಿ ಚರ್ಮದೊಳಗೇ ಇಳಿದುಹೋಗಿದೆ. ಪ್ರತಿದಿನ ನೋಡುವ ನಮಗೆ ಅದು ಕಣ್ಣಿಗೇ ಬೀಳುತ್ತಿರಲಿಲ್ಲ. ಚಿನ್ಮಯಿ ತನ್ನ ಕೈಯನ್ನು ಆಕೆಯ ಕೈ ಪಕ್ಕಕ್ಕೆ ಇಟ್ಟು, ತನ್ನದಕ್ಕಿಂತ ಇದೇ ಚೆನ್ನಾಗಿದೆ, ನೋವಾಗಲಿಲ್ಲವಾ ಎಂದು ತಮಿಳಿನಲ್ಲಿ ಕೇಳಿದಳು. ನಾಲ್ಕು ಜನ ಹಿಡಿದುಕೊಂಡಿದ್ದರು ಎಂದು ಶಿವಲಿಂಗಮ್ಮನೂ ತಮಿಳಿನಲ್ಲೇ ಹೇಳಿ ನಕ್ಕಳು. ಎಷ್ಟು ದಿನದ ಮೇಲೆ ನಕ್ಕಿದ್ದೋ.

ಆಮೇಲೆ ಚಿನ್ಮಯಿ ಹೇಳಿದ್ದು ಕೇಳಿ ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಹಚ್ಚೆಯ ಬಣ್ಣ ವಾಚಿನ ಹಸಿರು ಬೆಳಕನ್ನು ಒಳಗೇ ಬಿಡುವುದಿಲ್ಲವಂತೆ. ಬೆಳಕು ಹೋಗದಿದ್ದರೆ ವಾಚಿಗೆ ರಕ್ತ ಕಾಣುವುದಿಲ್ಲ, ನಡೆಯುವಾಗ ಕೈ ಬೀಸುವುದನ್ನೇ ಬಡಿತವೆಂದುಕೊಂಡು ಏನೇನೋ ಅಂಕಿ ಹೇಳುತ್ತದೆ, ಇಲ್ಲವೇ ಗೆರೆ ಎಳೆಯುತ್ತದೆ. ತನಗೂ ಹಾಗೇ ಆಗುತ್ತದೆ, ಅದಕ್ಕೇ ತಾನು ಎದೆಗೆ ಕಟ್ಟುವ ಪಟ್ಟಿ ಬಳಸುವುದು ಎಂದಳು. ಪಟ್ಟಿಗೆ ಬೆಳಕು ಬೇಡ, ಹೃದಯದ ವಿದ್ಯುತ್ತನ್ನೇ ನೇರವಾಗಿ ಹಿಡಿಯುತ್ತದೆ. ರಟ್ಟೆಗೆ ಕಟ್ಟುವುದೂ ಒಂದಿತ್ತು, ಆದರೆ ರವಿಕೆಯ ತೋಳು ಬಿಗಿಯಾಗುತ್ತದೆಂದು ಶಿವಲಿಂಗಮ್ಮ ಬೇಡವೆಂದಳು. ಪಟ್ಟಿಯ ಒಳಬದಿಯನ್ನು ನೀರಿನಲ್ಲಿ ಒದ್ದೆ ಮಾಡಿ, ಪರದೆಯ ಹಿಂದೆ ಕರೆದುಕೊಂಡು ಹೋಗಿ ರವಿಕೆಯೊಳಗೆ ಕಟ್ಟಿದಳು. ಅಂಕಿ ನನ್ನ ಫೋನಿನಲ್ಲಿ ಬರುವ ಹಾಗೆ, ನೂರಿಪ್ಪತ್ತು ದಾಟಿದರೆ ಫೋನು ಕೂಗುವ ಹಾಗೆ ಮಾಡಿದಳು.

ಮೂವರೂ ರಸ್ತೆಗಿಳಿದೆವು. ಚಿನ್ಮಯಿ ಬಿರುಸಾಗಿ ನಡೆಸಿದಳು, ನಾನು ಫೋನು ಹಿಡಿದುಕೊಂಡು ಹಿಂದೆ ಏದುಸಿರು ಬಿಡುತ್ತ. ತೊಂಬತ್ತಾರು. ನೂರು. ನೂರ ಮೂರು. ಅಷ್ಟೇ, ಮೇಲಕ್ಕೆ ಹೋಗಲೇ ಇಲ್ಲ. ನಡುವೆ ನಿಲ್ಲಿಸಿ ಚಿನ್ಮಯಿ ಕುತ್ತಿಗೆಗೆ ಬೆರಳಿಟ್ಟು ಎಣಿಸಿದಳು, ಅದೂ ಸರಿಹೋಯಿತು. ಶಿವಲಿಂಗಮ್ಮ ನನ್ನ ಮುಖ ನೋಡಿದಳು. ‘ಅಂಗಾರೆ ನಂಗೇನೂ ಆಗಿಲ್ವಾ?’ ಎಂದಳು. ನಾನು ಫೋನನ್ನೇ ಆಕೆಯ ಕಣ್ಣ ಮುಂದೆ ಹಿಡಿದೆ.

ದುಡ್ಡು ಕೊಡುವಾಗ ಚಿನ್ಮಯಿ ಆ ವಾಚಿನ ಡಬ್ಬಿಯನ್ನು ತಿರುಗಿಸಿ ನೋಡಿ, ಇದನ್ನು ತೆಗೆದುಕೊಂಡು ಹೋದ ಸಾರ್ ನಿಮ್ಮ ಮಗನಾ ಎಂದು ಶಿವಲಿಂಗಮ್ಮನನ್ನು ಕೇಳಿದಳು. ಬ್ಯಾಂಕಿನವರು, ಕನ್ನಡಕ. ಮೊದಲ ವಾಚು ಬದಲಾಯಿಸಲು ಬಂದಾಗ ಅವರಿಗೆ ಇದನ್ನೆಲ್ಲ ಹೇಳಿದ್ದೆನಲ್ಲ, ಎಂದಳು. ಅಮ್ಮನ ಕೈಯ ಫೋಟೋ ತೋರಿಸಿದರು, ನನ್ನ ಟ್ಯಾಟೂ ಕೈ ತೋರಿಸಿ ಅರ್ಥ ಮಾಡಿಸಿದೆ, ಈ ಪಟ್ಟಿಯನ್ನೇ ತೆಗೆದಿಟ್ಟಿದ್ದೆ. ಅವರೇ ಬೇಡವೆಂದು ಮತ್ತೆ ಕೈಗೆ ಕಟ್ಟುವುದನ್ನೇ ಕೇಳಿ ತೆಗೆದುಕೊಂಡರು, ನನಗೂ ಆಶ್ಚರ್ಯವಾಯಿತು, ಎಂದಳು.

ತಪ್ಪಾಗಿ ಕೇಳಿಸಿತೇನೋ ಎಂದು ಇನ್ನೊಮ್ಮೆ ಕೇಳಿದೆ. ಇನ್ನೊಮ್ಮೆಯೂ ಅದನ್ನೇ ಹೇಳಿದಳು. ಅಲ್ಲ, ಗೊತ್ತಿತ್ತು! ಓಲೆ ಬಿಚ್ಚಿ ಕೊಟ್ಟ ಮಧ್ಯಾಹ್ನ ಎದುರಿಗೆ ಮುದ್ದೆ ಮುರಿಯುತ್ತಿದ್ದವನಿಗೆ ಎಲ್ಲ ಗೊತ್ತಿತ್ತು. ಚಿಲ್ಲರೆಯನ್ನೂ ಎಣಿಸದೆ ಬ್ಯಾಗಿಗೆ ಸುರಿದುಕೊಂಡು ಹೊರಗೆ ಬಂದು ಆಟೋ ಕೂಗಿದೆ. ಶಿವಲಿಂಗಮ್ಮ ಆಟೋದಲ್ಲಿ ಇಡೀ ದಾರಿ ಹೊರಗೆ ನೋಡುತ್ತ ಕೂತಿದ್ದಳು. ಪಟ್ಟಿ ಬಿಚ್ಚೋಣ ಎಂದರೆ ಇರಲಿ ಎಂದಳು.

ಅಂದಾನಿ ಸಂಜೆ ಬರುವವರೆಗೆ ನಾನು ಅವರ ಮನೆಯಲ್ಲೇ ಇದ್ದೆ. ವಿಮಲಾಗೆ ಹೇಳಿದಾಗ ಅವಳು ಗೋಡೆಗೆ ಒರಗಿ ನಿಂತಳು, ಅವಳಿಗೆ ಏನೂ ತಿಳಿದಿರಲಿಲ್ಲ. ಅವನು ಒಳಗೆ ಕಾಲಿಟ್ಟಾಗ ಮೇಜಿನ ಮೇಲೆ ವಾಚಿನ ಡಬ್ಬಿ ಇತ್ತು. ಅಮ್ಮ ಎದ್ದು ನಿಂತಿದ್ದಳು. ನಾನು ಬೈಯಲು ಬಾಯಿ ತೆರೆದರೆ ಆಕೆ ಕೈ ಅಡ್ಡ ಹಿಡಿದಳು. ಅಂಗಡಿಯ ಹುಡುಗಿ ಹೇಳಿದ್ದು ನಿಜವಾ ಎಂದಷ್ಟೇ ಕೇಳಿದಳು.

ಅವನು ಡಬ್ಬಿ ನೋಡಿದ, ನನ್ನ ನೋಡಿದ. ಸುಳ್ಳು ಹೇಳುತ್ತಾನೆ ಅಂದುಕೊಂಡೆ. ಹೇಳಲಿಲ್ಲ. ಗೊತ್ತಿತ್ತು ಎಂದ. ಮೊದಲ ದಿನ ತನಗೂ ಪ್ರಾಣವೇ ಹೋದಂತಾಗಿತ್ತು, ಅದು ನಾಟಕವಲ್ಲ ಎಂದ. ಆಮೇಲೆ ನಿಜ ತಿಳಿದಾಗ, ಈ ಹೆದರಿಕೆಯಲ್ಲಾದರೂ ಅಮ್ಮ ಮನೆಯಲ್ಲಿರುತ್ತಾಳೆ ಅನ್ನಿಸಿತಂತೆ. ‘ಎಷ್ಟು ಹೇಳಿದ್ರೂ ನೀನು ಕೇಳ್ತಿರ್ಲಿಲ್ಲ. ಅಪ್ಪನ್ನ ತಂದು ಇಳಿಸ್ದಂಗೆ ನಿನ್ನೂ ಯಾರೋ ಬೀದಿಯೋರು ತಂದು ಇಳಿಸ್ಬೇಕಾ? ಕಣ್ಮುಂದೆ ಇರ್ಲಿ ಅಂತ ಮಾಡ್ದೆ,’ ಎಂದು ಅಳತೊಡಗಿದ.

ಅವನ ಅಳು ನೋಡಿ ನನಗೂ ಪಾಪ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಶಿವಲಿಂಗಮ್ಮ ಅಳಲಿಲ್ಲ. ‘ಸಾಯ್ತೀನಿ ಅಂತ ನಾನು ದಿನಾ ಕಣ್ ಮುಚ್ಚಿ ಮಲಗ್ತಿದ್ದೆ. ಎದ್ದೇಳೋದು ಇಲ್ಲ ಅನ್ಕಂಡೇ ಮಲಗ್ತಿದ್ದೆ. ನೀನು ಬಂದು ಹೊದಿಸ್ಬುಟ್ಟು ಹೋಯ್ತಿದ್ದೆ,’ ಎಂದಳು.

ನನ್ನ ಕೈಯಲ್ಲಿದ್ದ ಫೋನು ಕೂಗಿಕೊಂಡಿತು. ಪಟ್ಟಿ ಇನ್ನೂ ಆಕೆಯ ಎದೆಯ ಮೇಲೇ ಇತ್ತು. ಅಂಕಿ ನೂರಿಪ್ಪತ್ತು ದಾಟಿ ಏರುತ್ತಿತ್ತು. ಅಂದಾನಿ ಕಣ್ಣೊರೆಸಿಕೊಂಡು ಇಣುಕಿ ನೋಡಿ ಗಾಬರಿಯಾಗಿ, ಅಮ್ಮ ಕೂತ್ಕೋ, ಮೊದಲು ಕೂತ್ಕೋ ಎಂದು ಆಕೆಯ ತೋಳು ಹಿಡಿಯಲು ಬಂದ. ಆಕೆ ಹಿಂದಕ್ಕೆ ಸರಿದು ಕುರ್ಚಿಯ ಬೆನ್ನು ಹಿಡಿದುಕೊಂಡಳು.

‘ಬಿಸ್ಲಾಗೆ ಆ ಹುಡುಗಿ ಜತೆ ಬಿರ್ರನೆ ನಡುದ್ನಲ್ಲ, ಆಗ ಇಷ್ಟ್ ಬರ್ನಿಲ್ಲ ಕನಪ್ಪ,’ ಎಂದಳು. ‘ನಿನ್ ಮುಂದೆ ನಿಂತಿದ್ದಕ್ಕೆ ಬಂತು.’