ತಡಿ ಎಂಬ ಸರ್ವಿಸ್

ಕಂಪ್ಯೂಟರಿನಲ್ಲಿ ದೆವ್ವ ಹೊಕ್ಕಿದೆ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ವಿಕ್ರೋಳಿಯ ಒಂದು ಆಫೀಸಿನಲ್ಲಿ ಈ ಯಂತ್ರಗಳ ಕಾಯಿಲೆ ನೋಡುವುದೇ ನನ್ನ ಕೆಲಸ. ಯಂತ್ರ ತಾನಾಗಿ ಏನನ್ನೂ ಮಾಡುವುದಿಲ್ಲ, ಯಾರೋ ಮಾಡಿಟ್ಟಿರುತ್ತಾರೆ ಎಂದು ಕಂಡಕಂಡವರಿಗೆ ಹೇಳುತ್ತಿದ್ದೆ. ಈಗ ಅಷ್ಟು ಜೋರಾಗಿ ಹೇಳುವುದಿಲ್ಲ.

ಮಲಾಡಿನಲ್ಲಿರುವ ನಮ್ಮ ವೈನಿ, ಅಂದರೆ ತೀರಿಹೋದ ಅಣ್ಣನ ಹೆಂಡತಿ, ಮುಂಬೈಯಲ್ಲೇ ಹುಟ್ಟಿದ ನಮ್ಮವರ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಕನ್ನಡ ಕಲಿಸುತ್ತಾರೆ. ಮನೆ ನಡೆಯುವುದು ಅದರಿಂದಲೇ. ಅವರ ಕಂಪ್ಯೂಟರ್ ಮಾತ್ರ ಚಾಲೂ ಆಗಲು ಚಹಾ ಕುದಿಯುವಷ್ಟು ಹೊತ್ತು ಹಿಡಿಯುತ್ತಿತ್ತು. ಕ್ಲಾಸ್ ದಿನಾ ತಡ ಎಂದು ಪಾಲಕರು ಗೊಣಗುತ್ತಿದ್ದರು, ಕೆಲವರು ಮಕ್ಕಳನ್ನು ಬಿಡಿಸಿಯೂ ಇದ್ದರು.

ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅದರ ಮುಂದೆ ಕುಳಿತೆ. ಯಂತ್ರ ಚಾಲೂ ಆಗುವಾಗ ನಮಗೆ ಕಾಣದಂತೆ ಹಿಂದೆ ಸರ್ವಿಸ್ ಎಂಬ ಎಷ್ಟೋ ಸಣ್ಣ ಪ್ರೋಗ್ರಾಮ್‌ಗಳು ಎದ್ದು ಕೂರುತ್ತವೆ. ಮನೆಯಲ್ಲೇ ಇಲ್ಲದ ಪ್ರಿಂಟರಿನದು ಒಂದು, ಯಾವಾಗಲೋ ತೆಗೆದುಹಾಕಿದ ಆಟದ್ದು ಇನ್ನೊಂದು. ಬೇಡವಾದವನ್ನು ಬಂದ್ ಮಾಡುತ್ತ ಹೋದಾಗ ಇಂಗ್ಲಿಷ್ ಅಕ್ಷರಗಳಲ್ಲಿ 'ಟಿ ಎ ಡಿ ಐ' ಎಂಬ ಹೆಸರು ಕಂಡಿತು. ಯಾವ ಕಂಪನಿಯದು, ಏನು ಕೆಲಸ, ವಿವರ ಏನೂ ಇರಲಿಲ್ಲ.

ಪಕ್ಕದಲ್ಲಿ ಕುಳಿತಿದ್ದ ಅಣ್ಣನ ಮಗಳಿಗೆ ಕನ್ನಡಕ್ಕಿಂತ ಹಿಂದಿಯೇ ಸಲೀಸು. ಅವಳು ಓದಿ ನಕ್ಕಳು. "ತಾಡಿ? ಅರೇ ಕಾಕಾ, ನಮ್ಮ ಕಂಪ್ಯೂಟರ್ ದಾರೂ ಕುಡೀತದ ಕ್ಯಾ?"

ಹಿಂದಿಯಲ್ಲಿ ತಾಡಿ ಎಂದರೆ ಹೆಂಡ. ನಾನೂ ನಗುತ್ತ ಅದನ್ನು ಬಂದ್ ಮಾಡಿದೆ. ಮತ್ತೆ ಚಾಲೂ ಮಾಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆ ಬೆಳಗಿತು. ಬೀಗಿದೆ.

ಅಡುಗೆಮನೆಯಿಂದ ಬಂದ ವೈನಿಗೆ ಈ ತಮಾಷೆ ಹೇಳಿದೆವು. ಅವರು ನಗಲಿಲ್ಲ. "ತಾಡಿ ಅಲ್ಲೋ, ತಡೀ. ನಿಮ್ಮಣ್ಣನ ಮಾತದು. ಲೋಕಲ್ ಟ್ರೇನ್ ಹಿಡಿಯೋ ಗಡಿಬಿಡಿಯೊಳಗ ಬಾಗಲದಾಗ ನಿಂತು, ತಡೀ, ಗ್ಯಾಸ್ ಬಂದ್ ಮಾಡೇನಿಲ್ಲೋ ನೋಡಿ ಬರ್ತೀನಿ, ಅಂತಿದ್ರಲ್ಲ."

ಆದರೆ ಅಣ್ಣ ಅದನ್ನು ಹಾಕಿಟ್ಟಿರಲು ಸಾಧ್ಯವೇ ಇರಲಿಲ್ಲ. ಆ ಕಂಪ್ಯೂಟರ್ ಕೊಂಡದ್ದೇ ಅಣ್ಣ ಹೋದ ಮೇಲೆ. ಡಬ್ಬಿ ಒಡೆದು ಕೂರಿಸಿದವನು ನಾನೇ.

ಬಂದ್ ಮಾಡಿದ ಸರ್ವಿಸ್‌ನ ಹೆಸರು ಪಟ್ಟಿಯಿಂದ ಅಳಿಸಿಹೋಗುವುದಿಲ್ಲ. ನೋಡೋಣವೆಂದು ಮತ್ತೆ ತೆರೆದೆ. ಪ್ರಿಂಟರಿನದಿತ್ತು, ಆಟದ್ದಿತ್ತು, ಅದೊಂದೇ ಇರಲಿಲ್ಲ. ಆಮೇಲೆ ಆಫೀಸಿನಲ್ಲಿ ಬಲ್ಲವರನ್ನೆಲ್ಲ ಕೇಳಿದೆ. ಆ ಹೆಸರನ್ನು ಯಾರೂ ಕೇಳಿಲ್ಲ. ಹುಡುಗಿಯೂ ಓದಿರದಿದ್ದರೆ ನನ್ನದೇ ಭ್ರಮೆ ಎಂದು ಬಿಟ್ಟುಬಿಡುತ್ತಿದ್ದೆ.

ಈಗ ಕ್ಲಾಸ್ ಹೊತ್ತಿಗೆ ಸರಿಯಾಗಿ ಶುರುವಾಗುತ್ತದೆ, ಬಿಟ್ಟುಹೋದ ಕೆಲವು ಮಕ್ಕಳೂ ಮರಳಿದ್ದಾರೆ. ಆದರೆ ಅಂದು ಸಂಜೆ ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ವೈನಿ ಮೆಲ್ಲಗೆ ಕೇಳಿದ್ದರು: "ಕ್ಲಾಸ್ ತಡಾ ಆದ್ರ ಆಗ್ಲಿ. ಅದನ್ನ ಮತ್ತ ಚಾಲೂ ಮಾಡ್ಲಿಕ್ಕೆ ಬರೂದಿಲ್ಲೇನು?"

ಚಪ್ಪಲಿ ಬಿಟ್ಟು ಒಳಗೆ ಹೋಗಿ ಪಟ್ಟಿಯನ್ನು ಇನ್ನೊಮ್ಮೆ ಹುಡುಕಿದೆ, ಆ ಹೆಸರು ಇರಲಿಲ್ಲ. ನಾನು ಬಂದ್ ಮಾಡಿದ್ದು ಏನನ್ನು ಎಂಬುದೇ ನನಗೆ ಇಂದಿಗೂ ಗೊತ್ತಿಲ್ಲ.