ಹಿತ್ತಾಳೆಯ ಹೆಂಗಸಿಗೆ ರತ್ನವ್ವನ ಕಾವಲು

2006ರ ಒಂದು ದಿನ, ಬೆಳಗಿನ ಆರು ಗಂಟೆ. ಅಕ್ಟೋಬರ್ ತಿಂಗಳ ಲಂಡನ್ನಿನಲ್ಲಿ ಈ ಹೊತ್ತಿಗೆ ಇನ್ನೂ ಬೆಳಕು ಹರಿದಿರುವುದಿಲ್ಲ. ಎಜ್‌ವೇರ್ ಆಚೆಯ ಸೇಂಟ್ ಓಸಿತ್ ಚರ್ಚಿನ ಬಾಗಿಲ ಮಂಟಪದಲ್ಲಿ ರತ್ನವ್ವ ಬೂಟು ಬಿಚ್ಚಿಡುತ್ತಾರೆ. ಸೀರೆಯ ಮೇಲೆ ಕೋಟು, ಕೋಟಿನ ಮೇಲೆ ನೀಲಿ ಏಪ್ರನ್, ಎರಡೆರಡು ಜೊತೆ ಉಣ್ಣೆಯ ಕಾಲುಚೀಲ. ಗೇಣುದ್ದದ ಕಬ್ಬಿಣದ ಕೀಲಿ ತಿರುಗಿಸಿ, ಓಕ್ ಮರದ ಬಾಗಿಲನ್ನು ಭುಜ ಕೊಟ್ಟು ನೂಕುತ್ತಾರೆ. ಬೂಟು ಹಾಕಿಕೊಂಡೇ ಒಳಗೆ ಬರಬಹುದು ಎಂದು ಹದಿಮೂರು ವರ್ಷಗಳಿಂದ ಎಲ್ಲರೂ ಹೇಳುತ್ತಿದ್ದಾರೆ. ಅವರು ಕೇಳಿಲ್ಲ.

ಒಳಗೆ ಹೊರಗಿಗಿಂತ ಹೆಚ್ಚು ಚಳಿ. ರತ್ನವ್ವ ತಕ್ಷಣ ಪೊರಕೆ ಹಿಡಿಯುವುದಿಲ್ಲ. ಒಂದೇ ದೀಪ ಹಾಕಿ, ನೆಲ ನೋಡುತ್ತಾ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಾರೆ. "ರಾತ್ರಿ ಮ್ಯಾಲಿಂದ ಏನ್ ಉದುರೇತಿ ಅಂತ ಮೊದ್ಲ ನೋಡಬೇಕು. ಉಡುಗಿದ ಮ್ಯಾಲ ಏನ್ ಕಾಣತೈತಿ?" ತೊಲೆಯ ಕೆಳಗೆ ಬಾವಲಿ ಹಿಕ್ಕೆ, ಉತ್ತರದ ಗೋಡೆಯ ಬುಡದಲ್ಲಿ ಒಂದು ಚಿಟಿಕೆ ಸುಣ್ಣ. ಸುಣ್ಣ ನಿನ್ನೆಗಿಂತ ಹೆಚ್ಚಿಲ್ಲ ಎಂದು ಖಾತ್ರಿಯಾದ ಮೇಲೆ ಏಪ್ರನ್ ಬಿಗಿಯುತ್ತಾರೆ.

ಇಂದು ಅವರ ಕೈ ಎಂದಿಗಿಂತ ಚುರುಕು. ಎಂಟು ಗಂಟೆಗೆ ನೆಲ ತಿಕ್ಕುವ ಯಂತ್ರದವರು ಬರುತ್ತಾರೆ. ಮುಂದಿನ ತಿಂಗಳಿಂದ ನೆಲದ ಕೆಲಸವನ್ನು ಚರ್ಚಿನವರು ಒಂದು ಕಂಪನಿಗೆ ಕೊಟ್ಟಿದ್ದಾರೆ; ಇಂದು ಮೊದಲ ಸಲ ಯಂತ್ರ ಓಡಿಸಿ ನೋಡುತ್ತಾರೆ. ರತ್ನವ್ವನಿಗೆ ಅರವತ್ತಾರು, ಮೊಣಕಾಲು ಮಡಚುವುದು ಕಷ್ಟ. ಕೆಲಸ ಬಿಡಲು ಅವರಿಗೆ ಬೇಸರವಿಲ್ಲ. ಅವರ ಚಿಂತೆಯೆಲ್ಲ ಪೂಜೆಯ ವೇದಿಕೆಯ ಮುಂದೆ ನೆಲದಲ್ಲಿ ಮಲಗಿರುವ ಒಬ್ಬ ಹೆಂಗಸಿನದು.

ಆ ಹೆಂಗಸು ಸಮಾಧಿಯ ಕಪ್ಪು ಕಲ್ಲಿನ ಚಪ್ಪಡಿಯಲ್ಲಿ ಕೂರಿಸಿದ ಹಿತ್ತಾಳೆಯ ತಗಡು. ಎರಡೂವರೆ ಅಡಿ ಉದ್ದ. ಹೆಸರು ಆಲಿಸ್, ಉಣ್ಣೆ ವ್ಯಾಪಾರಿಯ ಹೆಂಡತಿ, 1472ರಲ್ಲಿ ತೀರಿಕೊಂಡವಳು. ತಲೆಗೆ ಸೆರಗಿನಂಥ ಬಟ್ಟೆ, ನೆರಿಗೆ ನೆರಿಗೆಯ ಉಡುಪು, ಪಾದದ ಬಳಿ ಪುಟ್ಟ ನಾಯಿ. ಎದೆಯ ಮುಂದೆ ಕೈ ಮುಗಿದಿದ್ದಾಳೆ. ಎಲ್ಲವೂ ಕೂದಲಿನಷ್ಟು ತೆಳುವಾದ ಗೆರೆಗಳಲ್ಲಿ ಕೆತ್ತಿದ್ದು.

ರತ್ನವ್ವನ ಊರು ನರಗುಂದದ ಹತ್ತಿರ. ಮೂರನೇ ಇಯತ್ತೆಗೆ ಶಾಲೆ ನಿಂತಿತು. ಗಂಡ ತೀರಿದ ಮೇಲೆ ಧಾರವಾಡದಲ್ಲಿ ವೇದವತಿ ಎಂಬುವರ ತವರುಮನೆಯಲ್ಲಿ ಕೆಲಸಕ್ಕಿದ್ದರು. ವೇದವತಿಯವರ ಪತಿ ಶಿವಪ್ರಕಾಶ ಇಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. 1988ರಲ್ಲಿ ವೇದವತಿಯವರ ಬಾಣಂತನಕ್ಕೆಂದು ಬಂದ ರತ್ನವ್ವ ಹಿಂದಿರುಗಲಿಲ್ಲ. ಮಗು ತನ್ಮಯಿ ಶಾಲೆಗೆ ಹೋಗತೊಡಗಿದ ಮೇಲೆ ಹಗಲು ಉದ್ದವೆನಿಸಿತು. ಅಂಚೆ ಕಚೇರಿಯ ಕಿಟಕಿಯಲ್ಲಿ ಚರ್ಚಿಗೆ ಕ್ಲೀನರ್ ಬೇಕೆಂಬ ಚೀಟಿ ಕಂಡ ವೇದವತಿ, ಬೇರೆಯವರ ದೇವರ ಮನೆ, ನಿನಗೆ ಒಗ್ಗುತ್ತದೆಯೇ ಎಂದು ಅನುಮಾನದಿಂದಲೇ ಕೇಳಿದ್ದರಂತೆ. "ಕಸಾನೂ ಬ್ಯಾರೇನ ಇರತೈತೇನ್ರಿ ಅಂದೆ. ಅಕ್ಕಾರು ನಕ್ಕಬಿಟ್ರು."

1993ರ ವಸಂತ. ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು, ಈಸ್ಟರ್ ಹಬ್ಬ ಹತ್ತಿರವಿತ್ತು. ರತ್ನವ್ವ ವೇದಿಕೆಯ ಮುಂದಿನ ಹಳೆಯ ಕಾರ್ಪೆಟ್ ಸುತ್ತಿ ಎತ್ತಿದರು. ಕೆಳಗೆ ಆಲಿಸ್ ಇದ್ದಳು, ಅಡಿಯಿಂದ ಮುಡಿಯವರೆಗೆ ಕಂದುಗಪ್ಪು. "ಕೈ ಮುಕ್ಕೊಂಡು ಮಲಗ್ಯಾಳ, ಮೈಯೆಲ್ಲಾ ಕಿಲುಬು. ಹಬ್ಬದಾಗ ಎಲ್ಲಾ ತೊಳದು ಇಕಿನ್ನ ಹಿಂಗ ಬಿಡೂದೇನು ಅನಿಸ್ತು." ಮರುದಿನ ರೇನರ್ಸ್ ಲೇನ್‌ನ ಅಂಗಡಿಯಿಂದ ಹುಣಸೆಹಣ್ಣು ತಂದರು. ಹುಣಸೆಹಣ್ಣು, ಉಪ್ಪು, ಒಂದು ಹಿಡಿ ತೆಂಗಿನ ನಾರು. ಸೋಮವಾರದ ಪೂಜೆಗೆ ಹಿತ್ತಾಳೆಯ ದೀಪದ ಸಮೆ ಬೆಳಗುವ ಹಾಗೆ ಎರಡು ಗಂಟೆ ಕೂತು ತಿಕ್ಕಿದರು. ಆಲಿಸ್ ಬಂಗಾರದ ಹಾಗೆ ಹೊಳೆದಳು.

ಮೆಚ್ಚುತ್ತಾರೆಂದು ಚರ್ಚಿನ ಮೇಲ್ವಿಚಾರಕ ಆಲ್ಫ್ರೆಡ್ ಪೆಲಿಂಗ್ ಅವರನ್ನು ಕೈಸನ್ನೆ ಮಾಡಿ ಕರೆದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು ಅವರು. ನೋಡಿದವರೇ ಪಕ್ಕದ ಬೆಂಚಿನಲ್ಲಿ ಕುಳಿತುಬಿಟ್ಟರು. ಆ ಕಪ್ಪು ಕೊಳೆಯಲ್ಲ, ಐನೂರು ವರ್ಷ ಲೋಹದ ಮೇಲೆ ಕಟ್ಟಿಕೊಂಡ ಹೊದಿಕೆ. ತಿಕ್ಕಿದಷ್ಟೂ ಗೆರೆ ಸವೆಯುತ್ತದೆ ಎಂದು ತಿಳಿಸಿ ಹೇಳಲು ಅವರಿಗೆ ಅರ್ಧ ದಿನ ಬೇಕಾಯಿತು. ತಜ್ಞರೊಬ್ಬರು ಬಂದು ಹುಳಿಯ ಅಂಶ ಉಳಿಯದಂತೆ ತೊಳೆದು ಒಣಗಿಸಿದರು. ಅವರು ಹೋದ ಮೇಲೆ ನೋಡಿದರೆ, ರತ್ನವ್ವ ತಿಕ್ಕಿದ್ದಕ್ಕೆ ಆಲಿಸಳ ಕಣ್ಣಿನ ಗೆರೆಗಳು ಸವೆದುಹೋಗಿದ್ದವು.

ಕೆಲಸ ಹೋಗುತ್ತದೆಂದು ರತ್ನವ್ವ ಏಪ್ರನ್ ಮಡಚಿಟ್ಟಿದ್ದರು. ಚರ್ಚಿನ ಸಭೆಯಲ್ಲಿ ಅದೇ ಮಾತು ಬಂತು ಕೂಡ. ಐವತ್ತು ವರ್ಷ ಈ ಕಾರ್ಪೆಟ್ ಮೇಲೆ ನಾವು ಓಡಾಡಿದ್ದೇವೆ, ಕೆಳಗೆ ಇಂಥವಳಿದ್ದಾಳೆಂದು ಒಬ್ಬರೂ ಬಗ್ಗಿ ನೋಡಿರಲಿಲ್ಲ ಎಂದರು ಪೆಲಿಂಗ್. ಅಲ್ಲಿಗೆ ಸಭೆ ಮುಗಿಯಿತು. ಅಂದಿನಿಂದ ಆ ತಗಡಿನ ಜವಾಬ್ದಾರಿ ರತ್ನವ್ವನದು. ಕಾರ್ಪೆಟ್ ಮತ್ತೆ ಹಾಸಿಲ್ಲ. ಅದರಡಿ ಸಿಕ್ಕ ಮರಳು ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ನೀರು, ಪಾಲಿಶ್ ಯಾವುದೂ ಇಲ್ಲ. ಪ್ರತಿ ಶನಿವಾರ ಒಂದು ಮೆತ್ತನೆಯ ಕುಂಚ, ಅಷ್ಟೇ.

ಅವರಿಗೆ ಕಟ್ಟಡ ಓದಲು ಕಲಿಸಿದವರೂ ಪೆಲಿಂಗ್. ಒಳಗೆ ಕಾಣುವ ಎರಡು ಕಮಾನುಗಳಲ್ಲಿ ದುಂಡಗಿನದು ಎಂಟುನೂರೈವತ್ತು ವರ್ಷ ಹಳೆಯದು, ತುದಿ ಚೂಪಾಗಿರುವುದು ಅದಕ್ಕಿಂತ ನೂರು ವರ್ಷ ಕಿರಿಯದು. ಗೋಡೆಗಳು ಹೊಲದಿಂದ ಆರಿಸಿ ತಂದ ಚಕಮಕಿ ಕಲ್ಲಿನವು, ನಡುವೆ ಸುಣ್ಣದ ಗಾರೆ. ಉತ್ತರದ ಗೋಡೆ ಒಂದು ಗೇಣು ಹೊರಕ್ಕೆ ವಾಲಿದೆ. ಗಿಡ್ಡ ಗೋಪುರ ಆಲಿಸಳ ಕಾಲದ್ದು, ಅವಳ ಗಂಡನ ಉಣ್ಣೆಯ ದುಡ್ಡೂ ಅದರಲ್ಲಿ ಇದ್ದೀತು ಎಂಬುದು ಪೆಲಿಂಗ್ ಅವರ ಊಹೆ. ಈಗ ಎಂಬತ್ತೈದು ದಾಟಿರುವ ಅವರು ನಗುತ್ತಾರೆ: "ನಾನು ಹೇಳಿದ್ದರಲ್ಲಿ ಅರ್ಧ ಅವಳಿಗೆ ತಿಳಿಯುತ್ತಿರಲಿಲ್ಲ, ಅವಳು ಹೇಳಿದ್ದರಲ್ಲಿ ಅರ್ಧ ನನಗೆ. ಅದಕ್ಕೇ ನಾವು ಜಗಳವಾಡಿಲ್ಲ."

ಮೂವತ್ತೊಂದು ಬೆಂಚು, ಮಂಡಿಯೂರಲು ಇನ್ನೂರ ಹದಿನಾಲ್ಕು ಕಸೂತಿ ದಿಂಬು, ಗೋಪುರಕ್ಕೆ ಐವತ್ತೆಂಟು ಮೆಟ್ಟಿಲು. ಎಲ್ಲವೂ ಅವರ ಕೈಯಲ್ಲೇ ಸ್ವಚ್ಛವಾಗಬೇಕು. 1999ರ ಏಪ್ರಿಲ್‌ನಲ್ಲಿ ಒಂದು ತೊಲೆಯ ಕೆಳಗೆ ರವೆಯಂಥ ಪುಡಿ ಕಂಡರು. ಗುಡಿಸಿದರು. ಮರುದಿನ ಮತ್ತೆ ಇತ್ತು. ಮೂರನೆಯ ದಿನ ಗುಡಿಸದೆ, ಪುಡಿಯ ಸುತ್ತ ನಾಲ್ಕು ದಿಂಬು ಇಟ್ಟು ಪೆಲಿಂಗ್ ಅವರಿಗೆ ಹೇಳಿಕಳಿಸಿದರು. ಬಡಗಿಗಳು ಏಣಿ ಹಾಕಿ ಕೊರೆದಾಗ ಆರುನೂರು ವರ್ಷದ ತೊಲೆಯ ಒಂದು ತುದಿಯನ್ನು ಹುಳು ಒಳಗೊಳಗೇ ತಿಂದಿದ್ದು ಕಂಡಿತು. ಚಾವಣಿ ಉಳಿಯಿತು. ದುರಸ್ತಿಯ ನೆನಪಿಗೆ ಹಾಕಿದ ಫಲಕದಲ್ಲಿ ವಾಸ್ತುಶಿಲ್ಪಿಯ ಹೆಸರಿದೆ, ಬಡಗಿಗಳ ಹೆಸರಿದೆ.

ಈಗ ಯಂತ್ರ ಬರುತ್ತಿದೆ. ಎರಡು ವಾರದ ಹಿಂದಿನ ಸಭೆಯಲ್ಲಿ, ಆಲಿಸಳ ಮೇಲೆ ಯಂತ್ರ ಓಡಿಸಬಾರದು ಎಂದು ಹೇಳಲು ರತ್ನವ್ವ ಹದಿಮೂರು ವರ್ಷದಲ್ಲಿ ಮೊದಲ ಬಾರಿಗೆ ಎದ್ದು ನಿಂತರು. ಹಿಂದಿನ ರಾತ್ರಿ ತನ್ಮಯಿ ಬಾಯಿಪಾಠ ಮಾಡಿಸಿದ್ದ ನಾಲ್ಕು ಇಂಗ್ಲಿಷ್ ಸಾಲುಗಳಲ್ಲಿ ಎರಡು ಮರೆತುಹೋದವು. ಸಭೆಯವರು ಸೌಜನ್ಯದಿಂದಲೇ ಕೇಳಿ, ಕಂಪನಿಯವರಿಗೆ ತಿಳಿಸುತ್ತೇವೆ ಎಂದರು. ತಿಳಿಸಿದರೋ ಇಲ್ಲವೋ ರತ್ನವ್ವನಿಗೆ ಗೊತ್ತಿಲ್ಲ.

ಎಂಟಕ್ಕೆ ಸರಿಯಾಗಿ ಕಂಪನಿಯ ಕ್ವೇಸಿ ಬರುತ್ತಾನೆ. ಘಾನಾದ ತರುಣ, ಕೊಲಿಂಡೇಲ್‌ನಲ್ಲಿ ವಾಸ. ಗುಂಡನೆಯ ಬ್ರಷ್ಷಿನ ಯಂತ್ರವನ್ನು ಬಾಗಿಲಲ್ಲಿ ನಿಲ್ಲಿಸಿ, ಪ್ಲಗ್ ಎಲ್ಲಿದೆ ಎಂದು ಕೇಳುತ್ತಾನೆ. ಮೆಲ್ಲಗೆ ವಿಚಾರಿಸಿದರೆ, ಹಿತ್ತಾಳೆಯ ವಿಷಯ ಅವನಿಗೆ ಯಾರೂ ಹೇಳಿಲ್ಲ. ರತ್ನವ್ವ ಪ್ಲಗ್ ತೋರಿಸುವುದಿಲ್ಲ. ಅವನ ಬೂಟಿನ ಕಡೆ ಬೆರಳು ಮಾಡುತ್ತಾರೆ. ಅವನು ಒಂದು ಗಳಿಗೆ ನೋಡಿ, ನಮ್ಮಜ್ಜಿಯೂ ಹೀಗೇ ಎಂದು ಗೊಣಗುತ್ತಾ ಬಿಚ್ಚುತ್ತಾನೆ.

ವೇದಿಕೆಯ ಮುಂದೆ ರತ್ನವ್ವ ಬೆಂಚು ಹಿಡಿದು ನಿಧಾನಕ್ಕೆ ಮಂಡಿಯೂರುತ್ತಾರೆ. ಅವನನ್ನೂ ಕೂರಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಲಾಗಿ ಬೆಳಕು ಬಿಡುತ್ತಾರೆ. ಬರಿಯ ತಗಡಾಗಿದ್ದಲ್ಲಿ ಒಂದೊಂದೇ ಗೆರೆ ಏಳುತ್ತದೆ. ಬೆರಳು, ನೆರಿಗೆ, ನಾಯಿಯ ಕೊರಳಿನ ಗೆಜ್ಜೆ, ತುಟಿ. ಕ್ವೇಸಿ ಮುಖ ಹತ್ತಿರ ತರುತ್ತಾನೆ. ಇವಳ ಕಣ್ಣಿಗೆ ಏನಾಯಿತು ಎಂದು ಕೇಳುತ್ತಾನೆ.

ರತ್ನವ್ವ ಟಾರ್ಚ್ ಆರಿಸುವುದಿಲ್ಲ. ತಮ್ಮ ಬಲಗೈಯನ್ನು ಬೆಳಕಿಗೆ ಹಿಡಿದು, ತಮಗೆ ಬರುವ ಇಂಗ್ಲಿಷಿನಲ್ಲಿ ಹೇಳುತ್ತಾರೆ: "ಈ ಕೈ. ಒಂದು ದಿನ, ಎರಡು ತಾಸು. ನಿನ್ನ ಮಷೀನು, ಎರಡು ನಿಮಿಷ."

ಕ್ವೇಸಿ ಅವರ ಕೈ ನೋಡುತ್ತಾನೆ, ತಗಡು ನೋಡುತ್ತಾನೆ. ಎದ್ದು ಹೋಗಿ ಹಳದಿ ಟೇಪು ತಂದು ಚಪ್ಪಡಿಯ ಸುತ್ತ ಒಂದು ಮೊಳ ಬಿಟ್ಟು ಅಂಟಿಸುತ್ತಾನೆ. ಆಮೇಲೆ ಕೆಲಸದ ಪಟ್ಟಿಯಲ್ಲಿ ಇದು ನಮ್ಮದಲ್ಲ ಎಂದು ಬರೆದು, ಯಾರದು ಎಂದು ಕೇಳಿ ಪೆನ್ನು ಮುಂದೆ ಮಾಡುತ್ತಾನೆ. ರತ್ನವ್ವ ಏಪ್ರನ್ನಿಗೆ ಕೈ ಒರೆಸಿಕೊಂಡು, ಮೂರನೇ ಇಯತ್ತೆಯ ಅಕ್ಷರದಲ್ಲಿ, ಕನ್ನಡದಲ್ಲಿ ತಮ್ಮ ಹೆಸರು ಬರೆಯುತ್ತಾರೆ. ಅವನು ಓದಲಾರ, ಆದರೂ ತಲೆಯಾಡಿಸಿ ಹಾಳೆಯನ್ನು ಫೈಲಿಗೆ ಸೇರಿಸುತ್ತಾನೆ.

ಅತ್ತ ಬಾಗಿಲ ಕಡೆ ಯಂತ್ರದ ಸದ್ದು ಶುರುವಾಗುತ್ತದೆ. ರತ್ನವ್ವ ಟೇಪಿನ ಒಳಗೇ ಕೂತು, ಕುಂಚದಿಂದ ಆಲಿಸಳ ಹಣೆಯ ಧೂಳು ತೆಗೆಯುತ್ತಾರೆ. ಇನ್ನು ಮುಂದೆ ಏನು ಆಸೆ ಎಂದು ಕೇಳಿದರೆ, ಕುಂಚವನ್ನು ಏಪ್ರನ್ನಿಗೆ ಒರೆಸಿಕೊಂಡು ಹೇಳುತ್ತಾರೆ:

"ಮೊಣಕಾಲು ಕೇಳೂತನಕ ಶನಿವಾರಕ್ಕೊಮ್ಮಿ ಬರೂದು, ಇಷ್ಟ. ಕಣ್ಣು ನನ್ನ ಕೈಲೆ ಹೋದ್ವು. ಮೂಗು, ಬಾಯಿ, ಮುಗಿದ ಕೈ, ಎಲ್ಲಾ ಹಂಗ ಅದಾವ ನೋಡು. ಅವನ್ನ ನಾ ಕಾದೀನಿ."