ಸೆಲೆಕ್ಷನ್‌ಗೆ ಮುಂಚಿನ ಬ್ಯಾನರ್

ಪಟಪಟಪಟ. ಆಡಿ ತಿಂಗಳ, ಅಂದರೆ ಆಷಾಢದ, ಗಾಳಿಗೆ ಫ್ಲೆಕ್ಸ್ ಬ್ಯಾನರ್ ಬಡಿದುಕೊಳ್ಳುತ್ತಿದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ನಡೆಸುತ್ತಿದ್ದ ನನ್ನ ಅಣ್ಣ ಅದನ್ನು ತನ್ನ ಬೀದಿಯ ತುದಿಯಲ್ಲಿ ಕಟ್ಟಿಸಿದ್ದ. ಬ್ಯಾನರಿನ ತುಂಬ ನಮ್ಮ ತಮ್ಮನ ಮಗಳ ಮುಖ, ಹೆಸರು; ತಮ್ಮ ತೀರಿಹೋಗಿದ್ದ. ಪಕ್ಕದಲ್ಲಿ ತಮಿಳಿನಲ್ಲಿ, ‘ಕೊಯಮತ್ತೂರು ಕಮರ್ಷಿಯಲ್ ಕೋರ್ಟಿನ ಜಡ್ಜ್, ನಮ್ಮ ಹೆಮ್ಮೆ!’ ಕೆಳಗೆ ಕೈಮುಗಿದು ನಿಂತ ನೂಲು, ಬಣ್ಣದ ಡೈಯಿಂಗ್, ಬಟನ್ ವ್ಯಾಪಾರಿಗಳ ಫೋಟೋಗಳು.

ತೊಂದರೆ ಏನೆಂದರೆ, ಅವಳಿನ್ನೂ ಸೆಲೆಕ್ಟ್ ಆಗಿರಲೇ ಇಲ್ಲ. ಬೇರೆ ಊರಿನಲ್ಲಿ ಜಡ್ಜ್ ಆಗಿದ್ದವಳಿಗೆ ಚೆನ್ನೈಯಲ್ಲಿ ಇಂಟರ್‌ವ್ಯೂ ಬಾಕಿ ಇತ್ತು. ವ್ಯಾಪಾರದ ಜಗಳಗಳಿಗೆಂದೇ ಇರುವ ಕೋರ್ಟು ಅದು. ಕೈಮುಗಿದು ನಿಂತವರಲ್ಲಿ ಅರ್ಧ ಜನರ ಕೇಸು ಅಲ್ಲೇ ಇತ್ತು. ನಮ್ಮಣ್ಣನ ಕಂಪನಿಯದೂ ಒಂದು.

“ಅತ್ತೆ, ಆ ಫೋಟೋ ಆಗ್ಲೇ ವಾಟ್ಸಾಪಲ್ಲಿ ಓಡಾಡ್ತಾ ಇದೆ” ಎಂದು ಫೋನಿನಲ್ಲಿ ಅವಳು ಹೇಳಿದಳು. “ಅದು ಚೆನ್ನೈಯವ್ರ ಕಣ್ಣಿಗೆ ಬಿದ್ರೆ ನನ್ನ ಕಥೆ ಮುಗೀತು. ದೊಡ್ಡಪ್ಪನ ಕಾಲಿಗೆ ಬೀಳ್ಲಾ, ಬೈಲಾ, ನೀವೇ ಹೇಳಿ.”

ಅಳು ತಡೆದುಕೊಂಡಿದ್ದಳು. ಒಂದು ಕೇಸಿನ ತೀರ್ಪಿಗೆ ಕಾಯುತ್ತಲೇ ಅವಳ ಅಪ್ಪನ ಮಗ್ಗಗಳು ತುಕ್ಕು ಹಿಡಿದಿದ್ದವು. ಕಾನೂನು ಓದಿದ ದಿನದಿಂದ ಅವಳ ಕಣ್ಣು ಈ ಕುರ್ಚಿಯ ಮೇಲೆಯೇ.

ಕೊಯಮತ್ತೂರಿನಿಂದ ಬಸ್ಸು ಹಿಡಿದು ಹೋದೆ. ಅಣ್ಣ ಬ್ಯಾನರಿನ ಕೆಳಗೇ ಸಿಕ್ಕಿದ. ಈ ವಯಸ್ಸಿನಲ್ಲೂ ಅವನಿಗೆ ನಾನು ‘ಅಮ್ಮುಣಿ’, ಪುಟ್ಟ ಹುಡುಗಿಯೇ.

“ಹೆಣ್ಣು ನೋಡಕ್ಕೆ ಬಂದವ್ರು ಮನೆತನ ಕೇಳಲ್ವಾ, ಅಮ್ಮುಣಿ? ನಮ್ಮ ಕೂಸಿನ ಹಿಂದೆ ಎಷ್ಟು ಜನ ಅವ್ರೆ ಅಂತ ಚೆನ್ನೈಯವ್ರಿಗೂ ತಿಳೀಲಿ.”

“ಅಣ್ಣಾ, ದಿಸ್ ಈಸ್ ಹೈಲಿ ಇಂಪ್ರಾಪರ್! ಹಿಂದೆ ಯಾರೂ ಇಲ್ದಿದ್ರೇನೇ ಅವ್ಳಿಗೆ ಮಾರ್ಕ್ಸು.”

“ಬಂತಪ್ಪಾ ಕಾನ್ವೆಂಟು! ಕಟ್ಟಿದ್ದನ್ನ ಬಿಚ್ಚಿದ್ರೆ ಸೆಲೆಕ್ಷನ್ ಕ್ಯಾನ್ಸಲ್ ಅಂತ ಊರೆಲ್ಲಾ ನಗಲ್ವಾ?”

ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ ಡಿಪ್ಲೊಮಸಿಯೆಲ್ಲ ಖರ್ಚಾದ ಮೇಲೆ ಒಂದು ಕಾಂಪ್ರಮೈಸ್ ಆಯಿತು. ಹುಡುಗಿಯ ಮುಖ, ಹೆಸರಿನ ಮೇಲೆ ಅಣ್ಣನ ಮುಖ, ಹೆಸರು ಅಂಟಿಸುವುದು. ಫ್ಲೆಕ್ಸ್ ಅಂಗಡಿಯವನು ಹೇಳಿದಷ್ಟನ್ನೇ ಮಾಡಿಹೋದ. ಉಳಿದ ಬರಹವನ್ನು ಅವನೂ ನೋಡಲಿಲ್ಲ, ನಾವೂ ನೋಡಲಿಲ್ಲ. ಸಂಜೆಯ ಹೊತ್ತಿಗೆ ಎಸ್ಸೆಸ್ಸೆಲ್ಸಿ ಫೇಲಾದ ನಮ್ಮಣ್ಣ, ಗಿರಿಜಾಮೀಸೆಯ ಸಮೇತ, ಕಮರ್ಷಿಯಲ್ ಕೋರ್ಟಿನ ಜಡ್ಜ್ ಆಗಿದ್ದ.

ಭಾನುವಾರ ಬೆಳಿಗ್ಗೆ, ನಾನಿನ್ನೂ ಅಣ್ಣನ ಮನೆಯಲ್ಲೇ ಇದ್ದಾಗ, ಇಬ್ಬರು ನಗುತ್ತ ಬಂದರು. ಒಬ್ಬ ಬಟನ್ ವ್ಯಾಪಾರಿ, ಇನ್ನೊಬ್ಬ ಕಾಲರ್ ಟೀ ಶರ್ಟ್ ಎಕ್ಸ್‌ಪೋರ್ಟರ್. ಮೊದಲ ಒಗೆತಕ್ಕೇ ಬಟನ್ನುಗಳು ಉದುರಿ, ಹಡಗು ಹತ್ತಿದ್ದ ಮಾಲು ವಾಪಸು ಬಂದಿತ್ತು.

“ಜಡ್ಜಯ್ಯಾ, ನಮ್ಮದನ್ನೂ ತೀರ್ಸಿಬಿಡಿ!”

ತಮಾಷೆಗೆ ಶುರುವಾದ ಮಾತು ಕಾಫಿ ಮುಗಿಯುವಷ್ಟರಲ್ಲಿ ಜಗಳವಾಯಿತು. ಇಬ್ಬರೂ ಎದ್ದು ನಿಂತು, “ನೀವೇ ಹೇಳಿ, ಯಾರದ್ದು ತಪ್ಪು?” ಎಂದು ಅಣ್ಣನ ಮುಖ ನೋಡಿದರು. ಬಟನ್ನಿನವನು ನಮಗೆ ಬೀಗ. ಎಕ್ಸ್‌ಪೋರ್ಟರ್, ಅಣ್ಣನಿಗೆ ಎದೆನೋವು ಬಂದಾಗ ಕಾರು ತಂದು ಆಸ್ಪತ್ರೆಗೆ ಸೇರಿಸಿದವನು. ಅಣ್ಣ ಟವೆಲಿನಿಂದ ಬೆವರು ಒರೆಸಿದ. ಒರೆಸಿದ್ದೇ ಒರೆಸಿದ. ಕೊನೆಗೆ “ಮುಂದಿನ ವಾರ ಬನ್ನಿ” ಎಂದ. ನಾನು ನಗು ತಡೆಯಲಾಗದೆ ಅಡುಗೆಮನೆಗೆ ಓಡಿದೆ.

ಹಿಂದಿರುಗಿದಾಗ ಅವರು ಹೋಗಿದ್ದರು. ಅಣ್ಣ ಮಾತ್ರ ಕುರ್ಚಿಯಲ್ಲೇ ಇದ್ದ.

“ಇಬ್ರೂ ಬೇಕಾದವ್ರು ಅಮ್ಮುಣಿ, ಬಾಯೇ ಬರ್ಲಿಲ್ಲ. ಇಷ್ಟು ಮುಖಗಳನ್ನ ಎದುರಿಗೆ ಇಟ್ಕೊಂಡು ಆ ಕೂಸು ಹೆಂಗೆ ಕೂರುತ್ತೆ?”

ಸ್ಟೂಲು ಹೊತ್ತುಕೊಂಡು ಹೋಗಿ ತಾನೇ ಬ್ಯಾನರಿನ ಹಗ್ಗ ಕತ್ತರಿಸಿದ. ಬೀದಿಯವರೆಲ್ಲ ನೋಡಿದರು. ನೋಡಲಿ ಎಂದ.

ಇಂಟರ್‌ವ್ಯೂನಲ್ಲಿ ಯಾರೂ ಕೇಳುವ ಮೊದಲೇ ಅವಳು ಬ್ಯಾನರಿನ ವಿಷಯ ಹೇಳಿಬಿಟ್ಟಳಂತೆ. ಕಟ್ಟಿದ್ದು ದೊಡ್ಡಪ್ಪ, ಬಿಚ್ಚಿದ್ದೂ ದೊಡ್ಡಪ್ಪ, ಅವರ ಕಂಪನಿಯ ಕೇಸಿಗೆ ನಾನು ಕೂರುವುದಿಲ್ಲ, ಬೇರೆಯವರು ಕೂರಲಿ ಎಂದು. ಒಬ್ಬರು ನಕ್ಕರಂತೆ, ಉಳಿದವರು ನಗಲಿಲ್ಲವಂತೆ. ನಾವು ಆಸೆ ಬಿಟ್ಟ ಮೇಲೆ ಆರ್ಡರ್ ಬಂತು. ಕೊಯಮತ್ತೂರೇ.

ಆಮೇಲೆ ಅವಳು ನಮ್ಮ ಮನೆಗಳಿಗೆ ಬರುವುದು ಕಡಿಮೆಯಾಯಿತು. ನನ್ನ ಮನೆಯಿಂದ ಕೋರ್ಟಿಗೆ ಒಂದೇ ಟೌನ್ ಬಸ್ಸು. ಆದರೂ ತಿಂಗಳುಗಟ್ಟಲೆ ಅವಳ ಮುಖ ಕಾಣುತ್ತಿರಲಿಲ್ಲ. ಕೋಪವೂ ಬರುತ್ತಿತ್ತು, ಪ್ರೈಡೂ ಆಗುತ್ತಿತ್ತು.

ಅಣ್ಣನನ್ನು ನಾನು ಕೊನೆಯದಾಗಿ ನೋಡಿದ್ದು ನೆಗಮಂ ಹತ್ತಿರದ ಒಂದು ಮದುವೆಯಲ್ಲಿ. ತಪ್ಪಿಸಲಾಗದ ಮದುವೆ, ಅವಳೂ ಬಂದಿದ್ದಳು. ಪಂಕ್ತಿಯ ಕೊನೆಯಲ್ಲಿ, ಪಕ್ಕದ ಎಲೆಗಳನ್ನು ಖಾಲಿ ಬಿಡಿಸಿಕೊಂಡು ಒಬ್ಬಳೇ ಊಟಕ್ಕೆ ಕುಳಿತಿದ್ದಳು. ಬಟನ್ ವ್ಯಾಪಾರಿ ಹಲ್ಲು ಕಿರಿಯುತ್ತ ಅತ್ತ ಸರಿದ. ಅಣ್ಣ ಕೈಗೋಲು ಅಡ್ಡ ಹಿಡಿದ.

“ಎತ್ತ ಹೊರಟ್ರಿ, ಬೀಗರೇ? ಅಲ್ಲೆಲ್ಲ ಜಾಗ ಇಲ್ಲ.”

“ನಾಲ್ಕು ಎಲೆ ಖಾಲಿ ಅದಲ್ಲಾ!”

“ಖಾಲಿ ಇಲ್ಲ. ನಾನ್ ಹೇಳ್ತಾ ಇದೀನಿ.”

ಅವಳು ಎಲೆಯಿಂದ ತಲೆ ಎತ್ತಲಿಲ್ಲ. ಅವಳು ಪಾಯಸ ಮುಗಿಸಿ ಏಳುವವರೆಗೂ ಅಣ್ಣ, ತಾನು ಊಟ ಮಾಡದೆ, ಅವಳ ಕಡೆ ಬೆನ್ನು ಹಾಕಿ ನಿಂತೇ ಇದ್ದ.